ಹ್ಯಾಂಡಲ್ ಹೊಸದು, ಬಾಗಿಲು ಹಳೇದು

ಮಳೆ ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಾಗಿಲಿನದ್ದೇ ದೂರು. ಸಾಗರದ ನಮ್ಮ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲೂ ಅಷ್ಟೇ. ಬಂದವರೆಲ್ಲ "ಒಂದು ಒಳ್ಳೇ ಹ್ಯಾಂಡಲ್ ಕೊಡಿ ಅಕ್ಕಾ" ಅನ್ನುತ್ತಾರೆ. ಕೆಟ್ಟಿರುವುದು ಹ್ಯಾಂಡಲ್ಲೇನಾ ಅಂತ ನಾನು ತಿರುಗಿ ಕೇಳುತ್ತೇನೆ. ಅರ್ಧದಷ್ಟು ಜನಕ್ಕೆ ಈ ಪ್ರಶ್ನೆ ಇಷ್ಟವಾಗುವುದಿಲ್ಲ!

ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಬೆಡ್‌ರೂಮಿನ ಹ್ಯಾಂಡಲ್ ಜೋತು ಬಿದ್ದಿತ್ತು. ಆನ್‌ಲೈನಿನಲ್ಲಿ ಹೊಸ ಜೋಡಿ ತರಿಸಿದೆವು. ಆದರೆ ಕೀ ಹಾಕುವ ತೂತು ಸೇರುತ್ತಿಲ್ಲ. ಬಾಗಿಲಿಗೆ ಇನ್ನೊಂದು ತೂತು ಕೊರೆಯಬೇಕು ಅಂತ ಬಡಗಿ ಹೇಳುತ್ತಾರೆ. ಮನೆ ಮಾಲೀಕರು ಒಪ್ಪುವ ಪೈಕಿ ಅಲ್ಲ. – ಓದುಗರು, ಬೆಂಗಳೂರು

ಕೊರೆಸಬೇಡಿ. ಹೊಸ ಹ್ಯಾಂಡಲ್ ವಾಪಸ್ ಕಳಿಸಿ.

ಹ್ಯಾಂಡಲ್ ಅನ್ನುವುದು ಹೊರಗೆ ಕಾಣುವ ಭಾಗ ಮಾತ್ರ. ಬಾಗಿಲಿನ ದಪ್ಪದೊಳಗೆ ಒಂದು ಪೆಟ್ಟಿಗೆ ಕೂತಿರುತ್ತದೆ. ಅದನ್ನು ಮಾರ್ಟಿಸ್ ಲಾಕ್ ಅನ್ನುತ್ತೇವೆ. ಹ್ಯಾಂಡಲ್ ಅಳತೆ ಹೇಳುವುದು ಆ ಪೆಟ್ಟಿಗೆ. ಹ್ಯಾಂಡಲ್ಲಿನ ಚೌಕ ಕಂಬಿ ಹೋಗುವ ತೂತಿನ ನಡುವಿನಿಂದ ಕೀ ತೂತಿನ ನಡುವಿನವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಈಗ ನಮ್ಮಲ್ಲಿ ಜಾಸ್ತಿ ಓಡುವ ಸಿಲಿಂಡರ್ ಲಾಕುಗಳಲ್ಲಿ ಇದು 85 ಮಿಲಿಮೀಟರ್. ಯುರೋಪಿನ ಮಾದರಿಯ ಕೆಲವದರಲ್ಲಿ 72. ಹಳೇ ಕಾಲದ ಉದ್ದ ಕೀಲಿಯ ಲಾಕುಗಳಲ್ಲಿ ಇನ್ನೂ ಬೇರೆ. ನಿಮ್ಮ ಅಳತೆಗೂ ತರಿಸಿದ ಪ್ಲೇಟಿನ ಅಳತೆಗೂ ತಾಳೆ ಆಗಿಲ್ಲ, ಅಷ್ಟೇ.

ಇನ್ನೆರಡು ಅಳತೆ ಬರೆದುಕೊಳ್ಳಿ. ಬಾಗಿಲಿನ ದಪ್ಪ ಒಂದು. ಬಾಗಿಲಿನ ಅಂಚಿನಿಂದ ಕೀ ತೂತಿನ ನಡುವಿನವರೆಗಿನ ದೂರ ಇನ್ನೊಂದು. ಚೌಕ ಕಂಬಿ ಸಾಮಾನ್ಯವಾಗಿ 8 ಮಿಲಿಮೀಟರ್ ಇರುತ್ತದೆ, ಆದರೂ ನೋಡಿಕೊಳ್ಳಿ. ಹಳೇದರಲ್ಲಿ ಸಣ್ಣದೂ ಇರುತ್ತದೆ. ಎಲ್ಲಕ್ಕಿಂತ ಒಳ್ಳೇದು ಹಳೇ ಹ್ಯಾಂಡಲ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗುವುದು. ಹಾರ್ಡ್‌ವೇರ್ ಅಂಗಡಿಗಳಿರುವ ಎಸ್.ಜೆ.ಪಿ. ರಸ್ತೆ ನಿಮಗೆ ದೂರವೇನಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಅಂಗಡಿಯವರಿಗೆ ಬಣ್ಣ ಗೊತ್ತಾಗುತ್ತದೆ, ಅಳತೆ ಗೊತ್ತಾಗುವುದಿಲ್ಲ.

ಹೊಸದು ತರುವ ಮೊದಲು ಹಳೇದನ್ನೇ ಒಮ್ಮೆ ಪರೀಕ್ಷೆ ಮಾಡಿ. ಹ್ಯಾಂಡಲ್ಲಿನ ಕುತ್ತಿಗೆಯ ಅಡಿಯಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಬಗ್ಗಿ ನೋಡಿದರೇ ಕಾಣುವುದು. ಅದು ಸಡಿಲವಾಗಿದ್ದರೆ ಅಲೆನ್ ಕೀಯಿಂದ (ಆರು ಮೂಲೆಯ, ಬಾಗಿದ ಕಂಬಿ) ಬಿಗಿ ಮಾಡಿ, ಕೆಲಸ ಮುಗಿಯಿತು. ಬಿಗಿ ಮಾಡಿದರೂ ಜೋತು ಬಿದ್ದರೆ ಸ್ಪ್ರಿಂಗ್ ಹೋಗಿದೆ. ಯಾವ ಸ್ಪ್ರಿಂಗ್? ಎರಡೂ ಕಡೆಯ ಹ್ಯಾಂಡಲ್ ತೆಗೆದು, ಚೌಕ ಕಂಬಿಯನ್ನು ಮಾತ್ರ ಲಾಕಿನೊಳಗೆ ಇಟ್ಟು ಇಕ್ಕಳದಿಂದ ತಿರುಗಿಸಿ ಬಿಡಿ. ಟಕ್ ಅಂತ ಹಿಂದಕ್ಕೆ ಬಂದರೆ ಲಾಕ್ ಚೆನ್ನಾಗಿದೆ, ಹ್ಯಾಂಡಲ್ ಮಾತ್ರ ಬದಲಿಸಿ. ಸೋಮಾರಿಯಾಗಿ ಅಲ್ಲೇ ನಿಂತರೆ ಲಾಕೇ ಬದಲಾಗಬೇಕು. ಆಗ ಎಷ್ಟು ದುಬಾರಿ ಹ್ಯಾಂಡಲ್ ಹಾಕಿದರೂ ಸ್ವಲ್ಪ ದಿನಕ್ಕೆ ಮತ್ತೆ ಜೋಲು ಮೋರೆಯೇ.

ಬಾಡಿಗೆ ಮನೆ ಅಂದಿರಲ್ಲ, ಇನ್ನೊಂದು ಮಾತು. ಹಿಂದಿನ ಬಾಡಿಗೆದಾರರ ಹತ್ತಿರ ಮುಂಬಾಗಿಲಿನ ಕೀ ಉಳಿದಿದೆಯೋ ಏನೋ ಅನ್ನುವ ಭಯ ಇದ್ದರೆ ಪೂರಾ ಲಾಕ್ ತೆಗೆಸುವುದು ಬೇಡ. ಕೀ ಕೂರುವ ಭಾಗ, ಅಂದರೆ ಸಿಲಿಂಡರ್ ಒಂದನ್ನೇ ಬದಲಿಸಬಹುದು. ಬಾಗಿಲಿನ ಅಂಚಿನಲ್ಲಿ, ಕೀ ತೂತಿನ ಸಮಕ್ಕೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ತೆಗೆಯಿರಿ. ಕೀ ಹಾಕಿ ಒಂಚೂರು ತಿರುಗಿಸುತ್ತಾ ಎಳೆಯಿರಿ. ಒಂದು ಹಂತದಲ್ಲಿ ಒಳಗಿನ ನಾಲಿಗೆ ಸಮಕ್ಕೆ ಬಂದು ಸಿಲಿಂಡರ್ ಜಾರಿ ಆಚೆ ಬರುತ್ತದೆ. ಅದೇ ಉದ್ದದ ಹೊಸದನ್ನು ಹಾಕಿ. ಪ್ಲೇಟಿಗಿಂತ ಎರಡು ಮೂರು ಮಿಲಿಮೀಟರಿಗಿಂತ ಜಾಸ್ತಿ ಹೊರಗೆ ಚಾಚಬಾರದು, ಚಾಚಿದರೆ ಕಳ್ಳರಿಗೆ ಇಕ್ಕಳದಲ್ಲಿ ಹಿಡಿದು ಮುರಿಯಲು ಸಲೀಸು. ಮಾಲೀಕರಿಗೆ ಮೊದಲೇ ತಿಳಿಸಿ. ಹಳೇ ಸಿಲಿಂಡರನ್ನು ಜೋಪಾನವಾಗಿಡಿ. ಮನೆ ಬಿಡುವಾಗ ಅದನ್ನೇ ಕೂರಿಸಿ ಕೊಟ್ಟರಾಯಿತು.

ಜೂನ್ ಬಂತೆಂದರೆ ನಮ್ಮ ಮುಂಬಾಗಿಲಿನ ಲ್ಯಾಚ್ ಬೀಳುವುದೇ ಇಲ್ಲ. ಭುಜ ಕೊಟ್ಟು ನೂಕಬೇಕು. ಹೊಸ ಲ್ಯಾಚ್ ಹಾಕಿಸಿದೆವು, ಅದೂ ಹಾಗೇ. – ಓದುಗರು, ತೀರ್ಥಹಳ್ಳಿ

ಲ್ಯಾಚಿನ ತಪ್ಪಿಲ್ಲ. ಮರ ನೀರು ಕುಡಿದಿದೆ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಹಾಗಾಗಿ ಬಾಗಿಲು ಅಗಲವಾಗಿ ಚೌಕಟ್ಟಿಗೆ ಒತ್ತುತ್ತದೆ. ಆದರೆ ಇದೇ ಲಕ್ಷಣ ಇನ್ನೊಂದು ಕಾರಣಕ್ಕೂ ಬರುತ್ತದೆ. ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲವಾಗಿ ಬಾಗಿಲು ಒಂದು ಕಡೆ ಕುಸಿದರೂ ಲ್ಯಾಚ್ ಬೀಳುವುದಿಲ್ಲ. ಎರಡರಲ್ಲಿ ಯಾವುದು ಅಂತ ತಿಳಿಯಲು ಕುಂಕುಮ ಸಾಕು.

ಕುಂಕುಮವನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ ಲ್ಯಾಚಿನ ನಾಲಿಗೆಯ ತುದಿಗೆ ಹಚ್ಚಿ. ಬಾಗಿಲು ಮೆಲ್ಲಗೆ ಒತ್ತಿ ತೆರೆಯಿರಿ. ಚೌಕಟ್ಟಿನ ಮೇಲಿರುವ ತಗಡಿನಲ್ಲಿ ಗುರುತು ಎಲ್ಲಿ ಬಿದ್ದಿದೆ ನೋಡಿ. ತೂತಿನ ಕೆಳ ಅಂಚಿನಲ್ಲಿ ಬಿದ್ದಿದ್ದರೆ ಬಾಗಿಲು ಕುಸಿದಿದೆ. ಎತ್ತರ ಸರಿಯಾಗಿದ್ದು ಪಕ್ಕಕ್ಕೆ ಬಿದ್ದಿದ್ದರೆ, ಅಥವಾ ಬಾಗಿಲು ತೂತಿನ ತನಕ ಹೋಗುವುದೇ ಇಲ್ಲವಾದರೆ, ಹಿಗ್ಗಿದೆ.

ಕುಸಿದಿದ್ದರೆ ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ತಿರುಗಿಸಿ ನೋಡಿ. ಸುಮ್ನೆ ಸುತ್ತುತ್ತಿದ್ದರೆ ತೂತು ಸವೆದಿದೆ. ಬಿದಿರಿನ ಕಡ್ಡಿ ಸೀಳಿ, ಫೆವಿಕಾಲಿನಲ್ಲಿ ಅದ್ದಿ, ತೂತಿಗೆ ಬಿಗಿಯಾಗಿ ತುರುಕಿ. ಒಂದು ರಾತ್ರಿ ಒಣಗಲಿ. ಹೆಚ್ಚಿದ್ದನ್ನು ಕತ್ತರಿಸಿ ಅದೇ ಸ್ಕ್ರೂ ಹಾಕಿ. ಚೌಕಟ್ಟು ದಪ್ಪಗಿದ್ದರೆ ಎರಡು ಇಂಚಿನ ಸ್ಕ್ರೂ ಇನ್ನೂ ಒಳ್ಳೇದು. ಈ ಕೆಲಸ ಮಾಡುವಾಗ ಬಾಗಿಲಿನ ಕೆಳಗೆ ಒಂದು ಮರದ ಚೂರು ಕೊಟ್ಟು ಭಾರ ತಪ್ಪಿಸಿ.

ಹಿಗ್ಗಿದ್ದರೆ? ಆಷಾಢದಲ್ಲಿ ಆಚಾರ್ರನ್ನು ಕರೆದು ಕೀಸುಳಿ ಹೊಡೆಸಬೇಡಿ, ದಯವಿಟ್ಟು. ಈಗ ಕೀಸಿದಷ್ಟೂ ಬೇಸಿಗೆಯಲ್ಲಿ ಸಂದಿಯಾಗಿ ಕಾಣುತ್ತದೆ. ಆಗ ಹಲ್ಲಿ, ಜಿರಳೆ ಎಲ್ಲ ಸಲೀಸಾಗಿ ಒಳಗೆ. ಸದ್ಯಕ್ಕೆ ಚೌಕಟ್ಟಿನ ತಗಡಿನ ತೂತನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿ ದೊಡ್ಡದು ಮಾಡಿಕೊಂಡು ದಿನ ದೂಡಿ. ಬಾಗಿಲೇ ಚೌಕಟ್ಟಿಗೆ ಒತ್ತುವ ಕಡೆ ಮೇಣದಬತ್ತಿ ಉಜ್ಜಿ. ಜನವರಿ ಫೆಬ್ರವರಿಯಲ್ಲಿ ಮರ ಪೂರ್ತಿ ಒಣಗಿದ ಮೇಲೂ ಎಲ್ಲಾದರೂ ತಾಗುತ್ತಿದ್ದರೆ ಆಗ ಅಷ್ಟು ಮಾತ್ರ ಕೀಸಿಸಿ. ಆಮೇಲೆ ಬಾಗಿಲು ಕಳಚಿಸಿ ಮೇಲಿನ ಅಂಚು, ಕೆಳಗಿನ ಅಂಚು ಎರಡಕ್ಕೂ ವಾರ್ನಿಷ್ ಹೊಡೆಸಿ. ಕಣ್ಣಿಗೆ ಕಾಣುವುದಿಲ್ಲ ಅಂತ ಎಲ್ಲರೂ ಬಿಡುವುದು ಆ ಎರಡು ಅಂಚನ್ನೇ, ನೀರು ಒಳಗೆ ಹೋಗುವುದೂ ಅಲ್ಲಿಂದಲೇ.

ಸಮುದ್ರದ ಹತ್ತಿರ ಮನೆ. ಸ್ಟೀಲ್ ಹ್ಯಾಂಡಲ್ ತುಕ್ಕು ಹಿಡಿಯುವುದಿಲ್ಲ ಅಂದರು, ಅಯಸ್ಕಾಂತ ಹಿಡಿದೂ ತೋರಿಸಿದರು. ಒಂದೇ ಮಳೆಗಾಲಕ್ಕೆ ಕಂದು ಚುಕ್ಕೆ ಬಂದಿದೆ. – ಓದುಗರು, ಕಾರವಾರ

ಅಯಸ್ಕಾಂತ ಅಂಟಲಿಲ್ಲ ಅಂದರೆ ಅದು ಸಾದಾ ಕಬ್ಬಿಣ ಅಲ್ಲ ಅನ್ನುವುದಷ್ಟೇ ಗೊತ್ತಾಗುವುದು. ಸ್ಟೀಲಿನಲ್ಲಿ 202 ಅಂತ ಒಂದು ದರ್ಜೆ, 304 ಅಂತ ಒಂದು. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. 202ರಲ್ಲಿ ನಿಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಇರುತ್ತದೆ. ಅಗ್ಗ, ಬೇಗ ತುಕ್ಕು. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ. ಕಡಲಿಗೆ ಮುಖ ಮಾಡಿದ ಬಾಗಿಲಿಗೆ 304 ಕೂಡ ಸಾಲದು, ಅದಕ್ಕೂ ಚಹಾ ಬಣ್ಣದ ಕಲೆ ಬರುತ್ತದೆ. ಅಲ್ಲಿಗೆ ಮಾಲಿಬ್ಡಿನಮ್ ಸೇರಿಸಿದ 316 ಬೇಕು, ಇಲ್ಲವಾದರೆ ಗಟ್ಟಿ ಹಿತ್ತಾಳೆ. ಹಿತ್ತಾಳೆ ಮಂಕಾಗುತ್ತದೆ, ಹಸಿರಾಗುತ್ತದೆ, ಆದರೆ ಕಬ್ಬಿಣದ ಹಾಗೆ ತಿಂದು ಹೋಗುವುದಿಲ್ಲ. ಹಿತ್ತಾಳೆ ಬಣ್ಣದ್ದೆಲ್ಲ ಹಿತ್ತಾಳೆಯಲ್ಲ. ಪ್ಲೇಟಿನ ಹಿಂಬದಿಯಲ್ಲಿ ಮೊಳೆಯಿಂದ ಗೀರಿ. ಒಳಗೂ ಹಳದಿ ಇದ್ದರೆ ಸರಿ, ಬೂದು ಕಂಡರೆ ಸತುವಿಗೆ ಹೊಳಪು ಕೊಟ್ಟಿದ್ದು.

ಒಂದು ಅನುಮಾನ. ನಿಮ್ಮ ಕಂದು ಚುಕ್ಕೆ ಸ್ಕ್ರೂ ಸುತ್ತ ಮಾತ್ರ ಇದೆಯಾ? ಹಾಗಿದ್ದರೆ ಹ್ಯಾಂಡಲ್ ಒಳ್ಳೇದೇ ಇರಬಹುದು, ಜೊತೆಗೆ ಕೊಟ್ಟ ಸ್ಕ್ರೂ ಕಬ್ಬಿಣದ್ದು. ಸ್ಟೀಲ್ ಸ್ಕ್ರೂ ಬೇರೆ ತಂದು ಹಾಕಿ. ಇನ್ನು ಬಚ್ಚಲಿನಲ್ಲಿ ಆಸಿಡ್ ಹಾಕಿ ನೆಲ ತೊಳೆಯುವ ಅಭ್ಯಾಸ ಇದ್ದರೆ ಅಲ್ಲಿನ ಚಿಲಕಕ್ಕೆ ಯಾವ ಸ್ಟೀಲೂ ತಾಳುವುದಿಲ್ಲ. ಆ ಹೊಗೆ ಸಮುದ್ರದ ಗಾಳಿಗಿಂತ ಕೆಟ್ಟದ್ದು.

ಲಾಕ್ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡಬಹುದೇ? – ಓದುಗರು, ತಿಪಟೂರು

ತಿಪಟೂರಿನವರಿಗೆ ಬೇಡ ಅನ್ನಲು ಸಂಕೋಚ, ಆದರೂ ಬೇಡ. ಎಣ್ಣೆಗೆ ಧೂಳು ಅಂಟಿ ಮೇಣವಾಗುತ್ತದೆ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಕೀ ತಿರುಗುವುದೇ ಇಲ್ಲ. ಪೆನ್ಸಿಲಿನ ಸೀಸ ಕೆರೆದು ಆ ಪುಡಿಯನ್ನು ಕೀಗೆ ಸವರಿ, ನಾಲ್ಕಾರು ಸಲ ಹಾಕಿ ತೆಗೆಯಿರಿ. ಬಿಜಾಗರಿಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆ, ಅದೂ ಒಂದೇ ಹನಿ.

ಅತ್ತೆಗೆ ಕೈಗಂಟು ನೋವು. ಬಚ್ಚಲಿನ ಗುಂಡು ಹಿಡಿ ತಿರುಗಿಸಲಾರರು. ಮೊನ್ನೆ ಮೊಮ್ಮಗ ಒಳಗಿನಿಂದ ಲಾಕ್ ಒತ್ತಿಕೊಂಡು ಅತ್ತು ರಂಪ. – ಓದುಗರು, ದಾವಣಗೆರೆ

ಒಂದೇ ಖರ್ಚಿನಲ್ಲಿ ಎರಡೂ ತೀರುತ್ತದೆ. ಗುಂಡು ಹಿಡಿಯ ಲಾಕಿಗೆ ಬಾಗಿಲಿನಲ್ಲಿ 54 ಮಿಲಿಮೀಟರ್ ಅಗಲದ ದುಂಡು ತೂತು ಇರುತ್ತದೆ. ಅದೇ ತೂತಿಗೆ ಕೂರುವ, ಕೆಳಗೆ ಒತ್ತುವ ಉದ್ದ ಹಿಡಿಯ ಲಾಕೂ ಸಿಗುತ್ತದೆ. ಬಾಗಿಲಿನ ಅಂಚಿನಿಂದ ತೂತಿನ ನಡುವಿಗೆ 60 ಮಿಲಿಮೀಟರೋ 70 ಮಿಲಿಮೀಟರೋ ಅಳೆದುಕೊಂಡು ಹೋಗಿ. ಮೊಣಕೈಯಿಂದ ಒತ್ತಿದರೂ ತೆರೆಯುತ್ತದೆ. ಬಚ್ಚಲಿಗೆ ಅಂತ ಕೇಳಿದರೆ ಹೊರಬದಿಯಲ್ಲಿ ಸೀಳು ಇರುವುದನ್ನು ಕೊಡುತ್ತಾರೆ. ಒಳಗಿನಿಂದ ಲಾಕ್ ಆದರೂ ಹೊರಗಿನಿಂದ ನಾಣ್ಯ ಇಟ್ಟು ತಿರುಗಿಸಬಹುದು. ಹಾಕಿದ ಮೇಲೆ ಒಳಗಿನ ಹಳೇ ಟವರ್ ಬೋಲ್ಟ್ (ಸರಿಸಿ ಹಾಕುವ ಚಿಲಕ) ಬಿಚ್ಚಿಬಿಡಿ. ಅದು ಇದ್ದರೆ ನಾಣ್ಯದಿಂದ ಏನೂ ಆಗದು. ಮಗು ಬಿಡಿ, ಅತ್ತೆಯವರು ಒಳಗೆ ಜಾರಿ ಬಿದ್ದರೂ ಹೊರಗಿನಿಂದ ತೆರೆಯುವಂತಿರಬೇಕು ಅಲ್ವಾ?

ಹಳೇ ಮನೆಯ ತೇಗದ ಬಾಗಿಲಿಗೆ ಭಾರವಾದ ಹಿತ್ತಾಳೆ ಚಿಲಕ ಇದೆ. ಕಪ್ಪಾಗಿದೆ, ಅಲುಗುತ್ತದೆ. ಕಿತ್ತು ಆಲ್ಡ್ರಾಪ್ (ಬೀಗ ಹಾಕುವ ಅಡ್ಡ ಚಿಲಕ) ಹಾಕಿ ಅನ್ನುತ್ತಾರೆ. – ಓದುಗರು, ಶಿರಸಿ

ಕೀಳಬೇಡಿ. ಅಷ್ಟು ತೂಕದ ಹಿತ್ತಾಳೆ ಈಗ ಕೊಳ್ಳಲು ಹೋದರೆ ಬೆಲೆ ಕೇಳಿಯೇ ವಾಪಸ್ ಬರುತ್ತೀರಿ. ಹುಣಸೆಹಣ್ಣು ಹಚ್ಚಿ ತೊಳೆದು ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಭದ್ರತೆ ಸಾಲದು ಅನ್ನಿಸಿದರೆ ಒಳಗಿನಿಂದ ಇನ್ನೊಂದು ಬೋಲ್ಟ್ ಸೇರಿಸಿ. ಅಲುಗುವುದು ಸ್ಕ್ರೂ ದೆಸೆಯಿಂದ. ಯಾರೋ ನಡುವೆ ಕಬ್ಬಿಣದ್ದು ಹಾಕಿರುತ್ತಾರೆ, ಸುತ್ತ ಮರ ಕಪ್ಪಾಗಿರುತ್ತದೆ, ನೋಡಿ. ಹಿತ್ತಾಳೆ ಸ್ಕ್ರೂ ತನ್ನಿ. ಆದರೆ ನೇರ ತಿರುಗಿಸಿದರೆ ತೇಗದಲ್ಲಿ ಅದರ ತಲೆ ಮುರಿಯುತ್ತದೆ. ಮೊದಲು ಸಣ್ಣ ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ. ಅದನ್ನು ತೆಗೆದು ಹಿತ್ತಾಳೆಯದ್ದಕ್ಕೆ ಮೇಣ ಸವರಿ ಕೈಯಲ್ಲೇ ಬಿಗಿ ಮಾಡಿ. ಡ್ರಿಲ್ ಮೆಷಿನ್ನಿನಲ್ಲಿ ಬೇಡ.