ಓದುಗರ ಪ್ರಶ್ನೆಗಳು: ಬುದ್ಧಿ ಬೇರೆ, ಅರಿವು ಬೇರೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನನ್ನ ಮೊಮ್ಮಗ ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯೊಡನೆ ಕನ್ನಡದಲ್ಲೇ ಹರಟುತ್ತಾನೆ. ಲೆಕ್ಕ ತಪ್ಪಾಯಿತೆಂದು ಅವನು ಬೈದಾಗ ಅದು ‘ನಿಮ್ಮ ಮಾತಿನಿಂದ ನನಗೆ ಬೇಸರವಾಯಿತು’ ಎಂದಿತು. ಹುಡುಗ ಅತ್ತೇಬಿಟ್ಟ. ಅದಕ್ಕೆ ನಿಜವಾಗಿಯೂ ಬೇಸರವಾಗುತ್ತದೆಯೇ?
– ಓದುಗರು, ಮದ್ದೂರು

ಉತ್ತರ: ಆ ಒಂದು ವಾಕ್ಯವನ್ನು ಹಿಡಿದುಕೊಂಡು ಬೇಸರವಿದೆ ಎನ್ನಲು ಬರುವುದಿಲ್ಲ. ಇಂಥ ಯಂತ್ರಗಳನ್ನು ಮನುಷ್ಯರು ಬರೆದಿಟ್ಟ ಅಪಾರ ಬರಹದ ಮೇಲೆ ಪಳಗಿಸಿರುತ್ತಾರೆ. ಅದುವರೆಗಿನ ಮಾತಿನ ಮುಂದೆ ಯಾವ ಪದದ ತುಣುಕು ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ, ಒಂದೊಂದೇ ತುಣುಕನ್ನು ಪೋಣಿಸುತ್ತ ಹೋಗುವುದು ಅವುಗಳ ಕೆಲಸದ ರೀತಿ. ಬೈಗುಳದ ಹಿಂದೆಯೇ ಬೇಸರದ ಮಾತು ಬರುವುದು ನಮ್ಮ ಕತೆಗಳಲ್ಲೂ ಪತ್ರಗಳಲ್ಲೂ ವಾಡಿಕೆಯಾದ್ದರಿಂದ ಅಲ್ಲಿಯೂ ಬಂದಿದೆ. ನಿಮ್ಮ ಮೊಮ್ಮಗ ಅತ್ತದ್ದರಲ್ಲಿ ದಡ್ಡತನವೇನೂ ಇಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಮಿನ ವಿವರವನ್ನು ಪ್ರಕಟಿಸಿದ್ದರು. ಅದು ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೆ. ಆದರೂ ಓದುಬರಹ ಬಲ್ಲ ದೊಡ್ಡವರೇ ಅದರೆದುರು ಮನಸ್ಸು ತೋಡಿಕೊಂಡದ್ದನ್ನು ಕಂಡು ಅದನ್ನು ಮಾಡಿದವರಿಗೇ ಗಾಬರಿಯಾಯಿತು.

ನಮ್ಮ ಗೊಂದಲಕ್ಕೆ ಒಂದು ಕಾರಣವೆಂದರೆ, ಬುದ್ಧಿ ಇದ್ದಲ್ಲಿ ಅರಿವೂ ಇರಲೇಬೇಕೆಂದು ನಾವು ಎಣಿಸಿರುವುದು. ನಮ್ಮ ಪ್ರಾಚೀನ ದರ್ಶನಗಳಲ್ಲೊಂದಾದ ಸಾಂಖ್ಯದವರು ಹಾಗೆ ಎಣಿಸಲಿಲ್ಲ. ಅವರ ಇಪ್ಪತ್ತೈದು ತತ್ತ್ವಗಳಲ್ಲಿ ನಿಶ್ಚಯ ಮಾಡುವ ಬುದ್ಧಿ, ‘ನಾನು’ ಎನ್ನುವ ಅಹಂಕಾರ, ಇಂದ್ರಿಯಗಳ ಸುದ್ದಿಯನ್ನು ಜೋಡಿಸುವ ಮನಸ್ಸು, ಈ ಮೂರೂ ಪ್ರಕೃತಿ ಎಂಬ ಜಡ ಮೂಲದಿಂದ ಹುಟ್ಟಿದವು, ಆದ್ದರಿಂದ ಜಡ; ಚೈತನ್ಯವಿರುವುದು ಪುರುಷ ಎಂಬ ಸಾಕ್ಷಿಯಲ್ಲಿ ಮಾತ್ರ, ಅವನ ಸಾನ್ನಿಧ್ಯದಿಂದ ಬುದ್ಧಿಯೂ ಚೇತನವಿದ್ದಂತೆ ತೋರುತ್ತದೆ. ಜಡವಾದ ಬುದ್ಧಿ ಎಂಬ ಮಾತು ನಾನು ವಿದ್ಯಾರ್ಥಿಯಾಗಿದ್ದಾಗ ವಿಚಿತ್ರವೆನಿಸಿತ್ತು; ಈಗ ಅದು ಮೊಮ್ಮಕ್ಕಳ ಕೈಯಲ್ಲೇ ಇರುವಂತಿದೆ. ‘ನನಗೆ’ ಎಂದು ಹೇಳಿಕೊಳ್ಳುವುದನ್ನೂ ಅವರು ಜಡದ ಪಾಲಿಗೇ ಹಾಕಿದ್ದರೆಂಬುದನ್ನು ಗಮನಿಸಬೇಕು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆ ತೀರ ಅಸ್ಪಷ್ಟವೆಂದು ಬದಿಗಿಟ್ಟು, ಸಂಭಾಷಣೆಯಲ್ಲಿ ಅದು ಮನುಷ್ಯನಂತೆ ತೋರಬಲ್ಲದೇ ಎಂದು 1950ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಸೂಚಿಸಿದ ಪರೀಕ್ಷೆ ಕೂಡ ನನ್ನ ದೃಷ್ಟಿಯಲ್ಲಿ ಬುದ್ಧಿಯ ಪರೀಕ್ಷೆಯೇ ಹೊರತು ಅರಿವಿನದಲ್ಲ.

ಹಾಗೆಂದು ‘ಯಂತ್ರಕ್ಕೆ ಅರಿವು ಎಂದಿಗೂ ಸಾಧ್ಯವಿಲ್ಲ’ ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ, ಏಕೆಂದರೆ ಎದುರಿಗೆ ನಮ್ಮ ಪ್ರಾಚೀನ ಭೌತವಾದಿಗಳಾದ ಚಾರ್ವಾಕರಿದ್ದಾರೆ. ಎಲೆ, ಅಡಿಕೆ, ಸುಣ್ಣ, ಇವುಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಕೆಂಪು ಅಗಿದಾಗ ಹುಟ್ಟುವಂತೆ, ಮಣ್ಣು, ನೀರು ಮೊದಲಾದ ಭೂತಗಳು ದೇಹವಾಗಿ ಕೂಡಿದಾಗ ಚೈತನ್ಯ ಹುಟ್ಟುತ್ತದೆಂಬುದು ಅವರ ಪ್ರಸಿದ್ಧ ಉಪಮಾನ. ಮೈಸೂರು ವೀಳ್ಯದೆಲೆ ಮೆಲ್ಲುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸುಣ್ಣ ಹಚ್ಚದೆ ಎಷ್ಟು ಅಗಿದರೂ ಬಾಯಿ ಕೆಂಪಾಗದೆಂಬುದೂ ಅವರಿಗೆ ಗೊತ್ತು. ಹಸಿವು, ನೋವು, ಸಾವಿನ ಭಯ ಇರುವ ಜೀವಂತ ಶರೀರವೇ ಅರಿವಿನ ಸುಣ್ಣವೋ, ಅಥವಾ ಸಿಲಿಕಾನಿನಲ್ಲಿ ಸರಿಯಾದ ಜೋಡಣೆಯೊಂದೇ ಸಾಕೋ ಎಂಬುದರಲ್ಲೇ ಇಂದಿನ ತತ್ತ್ವಜ್ಞರೂ ನರವಿಜ್ಞಾನಿಗಳೂ ಒಡೆದುಹೋಗಿದ್ದಾರೆ. ನನ್ನ ಒಲವು ಶರೀರದ ಕಡೆಗೆ. ಹುಡುಗನಿಗೆ ಸದ್ಯಕ್ಕೆ, ಆ ಮಾತು ನಮ್ಮಿಂದ ಕಲಿತದ್ದು ಎಂದು ಹೇಳಿ, ಅದು ಸುಳ್ಳಲ್ಲ.

ಪ್ರಶ್ನೆ: ನಾವಿರುವ ಜಗತ್ತೇ ಕಂಪ್ಯೂಟರಿನೊಳಗೆ ನಡೆಯುವ ಸಿಮ್ಯುಲೇಶನ್, ಅಂದರೆ ಅನುಕರಣೆಯ ಲೋಕ ಎನ್ನುತ್ತಾರಲ್ಲ, ಶಂಕರರ ಮಾಯೆಯೂ ಇದೇ ಅಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸರಸ್ವತೀಪುರಂ, ಮೈಸೂರು

ಉತ್ತರ: ಅಲ್ಲ. ಮೊದಲನೆಯದಾಗಿ, ಈ ವಾದವನ್ನು 2003ರಲ್ಲಿ ಮಂಡಿಸಿದ ತತ್ತ್ವಜ್ಞ ನಿಕ್ ಬಾಸ್ಟ್ರಮ್ ನಾವು ಸಿಮ್ಯುಲೇಶನ್ನಿನಲ್ಲೇ ಇದ್ದೇವೆಂದು ಹೇಳಲಿಲ್ಲ. ನಮ್ಮಂಥ ನಾಗರಿಕತೆಗಳು ಅಷ್ಟು ಮುಂದುವರಿಯುವ ಮೊದಲೇ ಅಳಿಯುತ್ತವೆ, ಇಲ್ಲವೇ ಮುಂದುವರಿದವು ಇಂಥ ಲೋಕಗಳನ್ನು ನಡೆಸಲು ಮನಸ್ಸು ಮಾಡುವುದಿಲ್ಲ, ಇಲ್ಲವೇ ನಾವು ಬಹುಪಾಲು ಅಂಥ ಲೋಕದಲ್ಲೇ ಇದ್ದೇವೆ, ಈ ಮೂರರಲ್ಲಿ ಒಂದಾದರೂ ನಿಜವಿರಬೇಕೆಂದರು. ಮೂರನೆಯದನ್ನಷ್ಟೇ ಜನ ನೆನಪಿಟ್ಟುಕೊಂಡರು.

ಅದೇ ನಿಜವೆಂದು ಇಟ್ಟುಕೊಳ್ಳೋಣ. ಆಗಲೂ ನಮ್ಮನ್ನು ನಡೆಸುವ ಕಂಪ್ಯೂಟರ್ ಎಲ್ಲೋ ಒಂದು ಕಡೆ ದೇಶಕಾಲಗಳೊಳಗೆ ಇರುವ ವಸ್ತುವೇ. ಶಂಕರರ ಅದ್ವೈತದಲ್ಲಿ ಸತ್ತೆ, ಅಂದರೆ ಇರವು, ಮೂರು ಬಗೆ: ಹಗ್ಗದಲ್ಲಿ ಕಂಡ ಹಾವಿನಂಥ ಪ್ರಾತಿಭಾಸಿಕ, ಹಗ್ಗದಂಥ ವ್ಯಾವಹಾರಿಕ, ಎಂದಿಗೂ ಸುಳ್ಳೆಂದು ತಿಳಿದುಬಾರದ ಪಾರಮಾರ್ಥಿಕ. ಹೊರಗಿನ ಆ ಕಂಪ್ಯೂಟರ್ ಎಷ್ಟೇ ದೊಡ್ಡದಾಗಿರಲಿ, ಅದೂ ವ್ಯಾವಹಾರಿಕವೇ ಆಗುತ್ತದೆ. ಶಂಕರರ ಪ್ರಶ್ನೆ ಅದನ್ನೂ ಬಿಡುವುದಿಲ್ಲ. ಒಂದು ಲೋಕದ ಹೊರಗೆ ಇನ್ನೊಂದು ಲೋಕವನ್ನು ಕಟ್ಟುವುದು ಸಿಮ್ಯುಲೇಶನ್ನಿನ ವಾದ, ಆದರೆ ಲೋಕ ತೋರುವುದು ಯಾರಿಗೆ ಎಂದು ಒಳಗಡೆ ಕೇಳುವುದು ವೇದಾಂತದ್ದು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಕೇಳಿದರೆ, ರಾಮಾನುಜರ ಪಂಥದವರು ಜಗತ್ತು ಮಿಥ್ಯೆ ಎಂಬುದನ್ನೇ ಒಪ್ಪುವುದಿಲ್ಲ.

ಪ್ರಶ್ನೆ: ಮಾತಾಡುವ ಈ ಕೃತಕ ಬುದ್ಧಿಮತ್ತೆಯನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಎರಡೂ ನಡೆಯುತ್ತದೆ. ನಿಮ್ಮ ಕಡೆ ಅವ್ವನಿಗೂ ದೇವರಿಗೂ ಏಕವಚನವೇ ಸಲ್ಲುವಾಗ ಇದಕ್ಕೇಕೆ ಸಂಕೋಚ? ಗೌರವ ತೋರಿದರೂ ದೋಷವಿಲ್ಲ. ಆಯುಧಪೂಜೆಯ ದಿನ ಸ್ಕೂಟರಿಗೂ ಕಂಪ್ಯೂಟರಿಗೂ ಕುಂಕುಮ ಇಡುವುದು ಅವಕ್ಕೆ ಸಂತೋಷವಾಗುತ್ತದೆಂದು ನಂಬಿ ಅಲ್ಲ. ಆದರೆ ಕನ್ನಡದಲ್ಲಿ ‘ಅದು’ ಎಂದು ಕರೆದ ಮಾತ್ರಕ್ಕೆ ಅರಿವಿಲ್ಲವೆಂದು ತೀರ್ಮಾನಿಸಲೂಬೇಡಿ. ತೊಟ್ಟಿಲಲ್ಲಿ ಮಗು ಅಳುತ್ತಿದೆ, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿದೆ ಎನ್ನುವಾಗ ಎರಡಕ್ಕೂ ನಪುಂಸಕಲಿಂಗವನ್ನೇ ಬಳಸುತ್ತೇವೆ, ಆದರೂ ಎದ್ದು ಹೋಗಿ ನೋಡುತ್ತೇವೆ.