ರಾಜೀನಾಮೆ ಬರೆಯಬೇಡಿ, ರಜೆ ಅರ್ಜಿ ಬರೆಯಿರಿ

ಪ್ರಶ್ನೆ: ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ಎರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಾವು 14 ಜನ. ವರ್ಷ ವರ್ಷ ಕರಾರು ಮಾಡಿಸುತ್ತಾರೆ. ಈ ಸಲದ್ದು ಹೆರಿಗೆಯಾಗಿ ತಿಂಗಳಿಗೇ ಮುಗಿಯುತ್ತದೆ. ‘ಕರಾರಿನವರಿಗೆ ರಜೆ ಇಲ್ಲ. ರಾಜೀನಾಮೆ ಕೊಡು, ಬಾಣಂತನ ಮುಗಿಸಿ ಬಾ, ನೋಡೋಣ’ ಅಂತಾರೆ ಮಾಲೀಕರು.

ಉತ್ತರ: ಭಟ್ಕಳದಿಂದ ಕಾರವಾರದವರೆಗೆ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ತಂಗೀ, ರಾಜೀನಾಮೆ ಮಾತ್ರ ಬರೆಯಬೇಡಿ. ಕೆಲಸದಿಂದ ತೆಗೆದರೆ ಕಾನೂನು ನಿಮ್ಮ ಪರ ನಿಲ್ಲುತ್ತದೆ. ನೀವೇ ಬಿಟ್ಟಿರಿ ಅಂತ ಕಾಗದದಲ್ಲಿದ್ದರೆ ನಾನು ವಾದ ಮಾಡುವುದು ಯಾವುದರ ಮೇಲೆ?

10 ಜನ ದುಡಿಯುವ ಅಂಗಡಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಅನ್ವಯಿಸುತ್ತಿತ್ತು. ಅದೇ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ 26 ವಾರ ಸಂಬಳ ಸಹಿತ ರಜೆ. ಸಂಬಳದ ರಜೆ ದಿನಗಳೂ ಆ 80ರಲ್ಲಿ ಸೇರುತ್ತವೆ. 26ರಲ್ಲಿ 8 ವಾರ ಮಾತ್ರ ಹೆರಿಗೆಗೆ ಮೊದಲು. ಕಾಯಂ, ಕರಾರು ಅನ್ನೋ ಭೇದ ಇಲ್ಲ. ದಿನಗೂಲಿ ಹೆಂಗಸರಿಗೂ ಇದು ಸಿಗಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಿಮ್ಮಂತೆ ನಡುವೆಯೇ ಕರಾರು ಮುಗಿದ ದೆಹಲಿಯ ವೈದ್ಯೆಯೊಬ್ಬರಿಗೆ 2023ರಲ್ಲಿ ಪೂರ್ತಿ 26 ವಾರದ ಸೌಲಭ್ಯ ಕೊಡಿಸಿದೆ. ಮಾಲೀಕರಿಗೆ ಅದನ್ನೇ ತೋರಿಸಿ.

ಅರ್ಜಿ ಬರೆದೇ ಕೊಡಿ. ಯಾವ ತಾರೀಖಿನಿಂದ ರಜೆ, ಹಣ ಯಾರ ಕೈಗೆ, ಎರಡೂ ಇರಲಿ. ವೈದ್ಯರ ಚೀಟಿ ಲಗತ್ತಿಸಿ. ಸ್ವೀಕೃತಿ ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಹೆರಿಗೆಗೆ ಮುಂಚಿನ ವಾರಗಳ ಹಣ ಮುಂಗಡ ಕೊಡಬೇಕು. ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದ್ದರೆ ಮಾತ್ರ ದಾರಿ ಬೇರೆ, ಹಣ ಇಎಸ್‌ಐ ನಿಗಮದಿಂದ ಬರುತ್ತದೆ. ಇಲ್ಲದಿದ್ದರೆ ಮಾಲೀಕರ ಜೇಬಿನಿಂದಲೇ. ಸಣ್ಣ ಅಂಗಡಿಗೆ ಅದು ಭಾರ, ನಾನೂ ಒಪ್ಪುತ್ತೇನೆ. ಆ ಜಗಳ ಸರ್ಕಾರದ ಜೊತೆ ಆಡಲಿ, ಬಾಣಂತಿ ಜೊತೆ ಯಾಕೆ?

ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಹಣ ಕೊಡಿಸುವ ಅಧಿಕಾರ ಅವರಿಗಿದೆ. ತವರಿಗೆ ಹೊರಡುವ ಮೊದಲೇ ಇದೆಲ್ಲ ಮುಗಿಸಿ. ಆಮೇಲೆ ಮಗು ಎತ್ತಿಕೊಂಡು ಕಚೇರಿ ಅಲೆಯೋದು ಸುಲಭ ಅಲ್ಲ.

ಪ್ರಶ್ನೆ: ಕಾರವಾರದಲ್ಲಿ ಖಾಸಗಿ ಕೆಲಸ. ಅಪ್ಪಂದಿರಿಗೂ ಮೂರು ತಿಂಗಳು ರಜೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ನಿಜವಾ?

ಸುಳ್ಳು. ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ, ಸರ್ಕಾರಿ ನೌಕರರಿಗೂ 15 ದಿನ ಅಷ್ಟೇ.

ಪ್ರಶ್ನೆ: ಮೂರನೇ ಮಗುವಿಗೆ ರಜೆಯೇ ಇಲ್ವಂತೆ?

ಇದೆ. 12 ವಾರ.

ಪ್ರಶ್ನೆ: ಕುಮಟಾದ ಏಜೆಂಟರೊಬ್ಬರು 2,000 ರೂಪಾಯಿ ಕೊಟ್ಟರೆ ‘ರಜೆ ಮಂಜೂರು’ ಮಾಡಿಸ್ತೀನಿ ಅಂತಿದಾರೆ.

ರಜೆ ಕೊಡಬೇಕಾದವರು ನಿಮ್ಮ ಮಾಲೀಕರು. ಏಜೆಂಟ್ ಏನು ಮಂಜೂರು ಮಾಡಿಸ್ತಾನೆ? ದುಡ್ಡು ಕೊಟ್ಟಾಗಿದ್ದರೆ ಇವತ್ತೇ ವಾಪಸ್ ಕೇಳಿ.