ಓದುಗರ ಪ್ರಶ್ನೆ: ಸರ್ವರ್ ‘ಕಳಿಸಿದೆ’ ಅನ್ನುತ್ತದೆ, ಫೋನಿಗೆ ಬಂದಿಲ್ಲ

ಪ್ರಶ್ನೆ: ಡಬ್ಬಿ, ಕಡ್ಡಿ ಮೆಣಸಿನಕಾಯಿ ದರವನ್ನು ರೈತರಿಗೆ ಎಸ್‌ಎಂಎಸ್ ಮಾಡಲು ನಮ್ಮ ಅಡತಿ ಅಂಗಡಿಯಲ್ಲಿ ಕನ್ನೆಲ್ ಗೇಟ್‌ವೇ (ಎಸ್‌ಎಂಎಸ್ ಕಳಿಸುವ ಸಾಫ್ಟ್‌ವೇರ್) ಹಾಕಿದ್ದೇವೆ. ಫೇಕ್ ಎಸ್‌ಎಂಎಸ್‌ಸಿಯಲ್ಲಿ (ಆಪರೇಟರ್‌ನ ಎಸ್‌ಎಂಎಸ್ ಕೇಂದ್ರದಂತೆ ನಟಿಸುವ ಪರೀಕ್ಷಾ ಪ್ರೋಗ್ರಾಂ) ಪರೀಕ್ಷೆ ಸರಿಯಾಗಿತ್ತು. ಈಗ ಆಪರೇಟರ್ ಸಂಪರ್ಕ ಕೊಟ್ಟಿದ್ದೇವೆ. ಸರ್ವರ್ ‘0: ಆಕ್ಸೆಪ್ಟೆಡ್ ಫಾರ್ ಡೆಲಿವರಿ’ ಎನ್ನುತ್ತದೆ, ಆದರೆ ಅನೇಕರಿಗೆ ಸಂದೇಶ ಮುಟ್ಟುತ್ತಿಲ್ಲ. (ಬ್ಯಾಡಗಿ)

ಉತ್ತರ: ಆ ಉತ್ತರ ಕೊಡುವುದು ನಿಮ್ಮದೇ ಎಸ್‌ಎಂಎಸ್‌ಬಾಕ್ಸ್, ಅಂದರೆ ನಿಮ್ಮಿಂದ ಸಂದೇಶ ಪಡೆಯುವ ಕನ್ನೆಲ್‌ನ ಭಾಗ. ಸಂದೇಶವನ್ನು ಆಪರೇಟರ್ ಜೊತೆ ಮಾತಾಡುವ ಭಾಗವಾದ ಬೇರರ್‌ಬಾಕ್ಸ್‌ಗೆ ದಾಟಿಸಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆಪರೇಟರ್ ಇನ್ನೂ ಅದರ ಮುಖ ನೋಡಿಲ್ಲ.

ಮೊದಲು ಕಾನ್ಫಿಗ್ ಫೈಲ್ ತೆರೆಯಿರಿ. ಫೇಕ್ ಎಸ್‌ಎಂಎಸ್‌ಸಿಯ ಗುಂಪು ಇನ್ನೂ ಅಲ್ಲೇ ಇದ್ದು, ಆ ಪ್ರೋಗ್ರಾಂ ಚಾಲೂ ಇದ್ದರೆ, ಬೇರರ್‌ಬಾಕ್ಸ್ ಎರಡೂ ಸಂಪರ್ಕಗಳಿಗೆ ಸಂದೇಶ ಹಂಚುತ್ತದೆ. ಫೇಕ್‌ಗೆ ಹೋದವೂ ‘ಸೆಂಟ್’ ಲೆಕ್ಕಕ್ಕೇ ಸೇರುತ್ತವೆ. ಅಡ್ಮಿನ್ ಪೋರ್ಟಿನ (ಸಾಮಾನ್ಯವಾಗಿ 13000) ಸ್ಟೇಟಸ್ ಪುಟದಲ್ಲಿ ಪ್ರತಿ ಸಂಪರ್ಕದ ಲೆಕ್ಕ ಬೇರೆಬೇರೆ ಕಾಣುತ್ತದೆ. ‘ಕೆಲವರಿಗೆ ಬಂತು, ಕೆಲವರಿಗಿಲ್ಲ’ ಎಂಬ ದೂರಿಗೆ ನಮ್ಮ ಮೊದಲ ಅನುಮಾನ ಇದೇ.

ಅಲ್ಲಿ ತಪ್ಪಿಲ್ಲವಾದರೆ ಡೆಲಿವರಿ ರಿಪೋರ್ಟ್ (ಡಿಎಲ್‌ಆರ್, ಸಂದೇಶ ಏನಾಯಿತು ಎಂಬ ವರದಿ) ಕೇಳಿ. ಸಂದೇಶ ಕಳಿಸುವ ವೆಬ್ ವಿಳಾಸಕ್ಕೆ ಡಿಎಲ್‌ಆರ್-ಮಾಸ್ಕ್ 31 (ಎಲ್ಲ ಬಗೆಯ ವರದಿ ಬೇಕು ಎಂದರ್ಥ) ಮತ್ತು ವರದಿ ಬಂದು ಬೀಳಬೇಕಾದ ಡಿಎಲ್‌ಆರ್-ಯುಆರ್‌ಎಲ್ ಸೇರಿಸಿ. 8 ಬಂದರೆ ಆಪರೇಟರ್‌ವರೆಗೆ ಹೋಗಿದೆ; 1 ಬಂದರೆ ಮಾತ್ರ ಫೋನಿಗೆ ಮುಟ್ಟಿದೆ; 2 ಎಂದರೆ ಮುಟ್ಟಿಲ್ಲ, 16 ಎಂದರೆ ಆಪರೇಟರ್‌ನಿಂದಲೇ ತಿರಸ್ಕಾರ.

8ರ ನಂತರ 2 ಬಂದರೆ, ಅಥವಾ ನೇರವಾಗಿ 16 ಬಂದರೆ, ಡಿಎಲ್‌ಟಿ (ವ್ಯಾಪಾರಿ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆ) ಕಡೆ ನೋಡಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ಹೆಡರ್ (ಕಳಿಸುವವರ ಹೆಸರು) ಮತ್ತು ಟೆಂಪ್ಲೇಟ್ (ಸಂದೇಶದ ಮಾದರಿ ಪಠ್ಯ) ಎರಡೂ ನೋಂದಣಿಯಾಗಿರಬೇಕು. ದರ ಬರೆಯುವ ಜಾಗ ಬಿಟ್ಟು ಉಳಿದ ಪಠ್ಯ ಟೆಂಪ್ಲೇಟಿನಂತೆಯೇ ಇರಬೇಕು. ‘ಕ್ವಿಂಟಲ್‌ಗೆ’ ಎಂದು ಟೈಪಿಸುವಾಗ ಲ್ ಮತ್ತು ಗೆ ನಡುವೆ ಕಾಣದ ಅಕ್ಷರವೊಂದು ಕೂತಿರುತ್ತದೆ. ನೋಂದಣಿಯಲ್ಲಿ ಅದಿದ್ದು ಕಳಿಸುವಾಗ ಇಲ್ಲದಿದ್ದರೆ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಹಾಗಾಗಿ ಪಠ್ಯವನ್ನು ಮತ್ತೆ ಟೈಪ್ ಮಾಡಬೇಡಿ, ಡಿಎಲ್‌ಟಿ ಪೋರ್ಟಲ್‌ನಿಂದಲೇ ನಕಲು ಮಾಡಿ. ಟೆಂಪ್ಲೇಟ್ ಐಡಿಯನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದರೆ ಅದನ್ನೂ ಪರೀಕ್ಷಿಸಿ: 19 ಅಂಕಿಗಳಲ್ಲಿ 15 ಮಾತ್ರ ಉಳಿದು ಕೊನೆಯ ನಾಲ್ಕು ಸೊನ್ನೆಯಾಗುತ್ತವೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ, ಆಮೇಲೆ ಅಂಟಿಸಿ.

ಫೇಕ್ ಎಸ್‌ಎಂಎಸ್‌ಸಿ ಇದ್ಯಾವುದನ್ನೂ ಹಿಡಿಯುವುದಿಲ್ಲ. ಆದ್ದರಿಂದ ಪೂರ್ತಿ ಪಟ್ಟಿಗೆ ಬಿಡುವ ಮುನ್ನ ಬೇರೆಬೇರೆ ಕಂಪನಿಯ ಮೂರ್ನಾಲ್ಕು ಸಿಮ್‌ಗಳಿಗೆ ಕಳಿಸಿ, 1 ಬರುವ ತನಕ ಕಾಯಿರಿ.

ಪ್ರಶ್ನೆ: ಕನ್ನೆಲ್‌ನಿಂದ ಪಾಲಕರಿಗೆ ಕಳಿಸುವ ಹಾಜರಾತಿ ಸಂದೇಶದಲ್ಲಿ ಕನ್ನಡದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದ್ದವು. ಅದನ್ನು ಸರಿಪಡಿಸಿದ ಮೇಲೆ ಒಂದು ಸಂದೇಶಕ್ಕೆ ಎರಡರ ಬಿಲ್ ಬರುತ್ತಿದೆ, ಅದೂ ಕೆಲವು ಮಕ್ಕಳಿಗೆ ಮಾತ್ರ. (ಧಾರವಾಡ)

ಉತ್ತರ: ಎರಡಕ್ಕೂ ಮೂಲ ಒಂದೇ. ಬೇರೆ ಹೇಳದಿದ್ದರೆ ಕನ್ನೆಲ್ 7 ಬಿಟ್ ಅಕ್ಷರ ಸಂಕೇತದಲ್ಲಿ ಕಳಿಸುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ನೀವು ಕೋಡಿಂಗ್ 2 (ಯುನಿಕೋಡ್), ಕ್ಯಾರ್‌ಸೆಟ್ ಯುಟಿಎಫ್-8 ಹಾಕಿದಿರಿ, ಅಕ್ಷರ ಮೂಡಿತು. ಜೊತೆಗೆ ಒಂದು ಸಂದೇಶದ ಮಿತಿ 160 ಅಕ್ಷರದಿಂದ 70ಕ್ಕೆ ಇಳಿಯಿತು. 70 ದಾಟಿದರೆ ತುಂಡಿಗೆ 67ರಂತೆ ಲೆಕ್ಕ. ಅದೂ ನಾವು ಎಣಿಸುವ ಅಕ್ಷರವಲ್ಲ: ‘ವಿದ್ಯಾರ್ಥಿ’ ಕಣ್ಣಿಗೆ ಮೂರು, ಲೆಕ್ಕಕ್ಕೆ 10. ಒತ್ತು, ಗುಣಿತ, ವಿರಾಮ ಎಲ್ಲಕ್ಕೂ ಬೇರೆ ಬೆಲೆ. ಉದ್ದ ಹೆಸರಿನ ಮಕ್ಕಳ ಸಂದೇಶ ಮಾತ್ರ 70 ದಾಟುತ್ತಿದೆ. ಪಟ್ಟಿಯ ಅತಿ ಉದ್ದದ ಹೆಸರಿಟ್ಟು ಅಳೆದು, ನಮಸ್ಕಾರ-ವಂದನೆಗಳನ್ನು ಕತ್ತರಿಸಿ ಟೆಂಪ್ಲೇಟ್ ಹೊಸದಾಗಿ ನೋಂದಾಯಿಸಿ. ಇಂಗ್ಲಿಷಿನಲ್ಲಿ ಕಳಿಸಿದರೂ ಒಂದೇ ಒಂದು ₹ ಚಿಹ್ನೆ ಸೇರಿದರೆ ಇಡೀ ಸಂದೇಶ 70ರ ಮಿತಿಗೆ ಬೀಳುತ್ತದೆ, ‘ರೂ.’ ಎಂಬುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ.

ಪ್ರಶ್ನೆ: ಯುಎಸ್‌ಬಿ ಮೋಡೆಮ್‌ಗೆ ಒಂದು ಸಿಮ್ ಹಾಕಿ ಸೀರೆ ಅಂಗಡಿಯ ಗ್ರಾಹಕರಿಗೆ ಆಫರ್ ಕಳಿಸಬಹುದೇ? (ಗದಗ-ಬೆಟಗೇರಿ)

ಉತ್ತರ: ಬೇಡ. ಸಾಮಾನ್ಯ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಮಾಮೂಲಿ ಸಿಮ್‌ನಿಂದ ಜಾಹೀರಾತು ಕಳಿಸುವುದು ನಿಯಮಬಾಹಿರ. ದೂರು ಬಂದರೆ ನಂಬರ್ ಕಡಿತವಾಗುತ್ತದೆ. ಮೋಡೆಮ್ ಅನ್ನು ನಿಮ್ಮದೇ ಫೋನಿಗೆ ಪರೀಕ್ಷಾ ಸಂದೇಶ ಕಳಿಸಲು, ಸರ್ವರ್ ಬಂದ್ ಆದರೆ ಎಚ್ಚರಿಕೆ ಪಡೆಯಲು ಇಟ್ಟುಕೊಳ್ಳಿ.